ಪುಣೆ ಬಳಿಯ ಚಾಕಣದಲ್ಲಿ ಪ್ಲಾನಿಂಗ್ ಕ್ಲರ್ಕ್ ಕೆಲಸ ಸಿಕ್ಕಿದೆ, ಅದು ಬರೀ ಕಂಪ್ಯೂಟರ್ ಮುಂದೆ ಕೂರುವ ಕೆಲಸವೇ?

ಅಲ್ಲ. ಯಾವ ಮಾಲು ಯಾವಾಗ ತಯಾರಾಗಿ ಹೊರಡಬೇಕು ಎಂದು ಲೆಕ್ಕ ಇಡುವ ಕೆಲಸ ಇದು. ನಾನು ಬೆಳಗಾವಿಯವನು. ಮೊದಲು ಭೋಸರಿ, ಈಗ ಚಾಕಣ, ಒಟ್ಟು 14 ವರ್ಷದಿಂದ ಇದೇ ಕೆಲಸ.

ಬೆಳಿಗ್ಗೆ ಹೋದವರೇ ಮೊದಲು ಶಾಪ್ ಫ್ಲೋರಿಗೆ ಇಳಿಯಿರಿ. ಸಿಸ್ಟಮ್ಮಿನಲ್ಲಿ 400 ಪೀಸ್ ಇರುತ್ತದೆ. ಅದರಲ್ಲಿ 60ಕ್ಕೆ ಕ್ವಾಲಿಟಿಯವರು ಕಳಿಸಬಾರದೆಂದು ಕೆಂಪು ಚೀಟಿ ಅಂಟಿಸಿ ಮೂಲೆಯಲ್ಲಿಟ್ಟಿರುತ್ತಾರೆ. ಇದು ಹತ್ತು ಗಂಟೆಗೇ ತಿಳಿದರೆ ಎರಡನೇ ಶಿಫ್ಟಿನಲ್ಲಿ ಮಷೀನ್ ಕೇಳಬಹುದು. ಲೋಡಿಂಗ್ ಹೊತ್ತಿಗೆ ತಿಳಿದರೆ ಕೈ ಕಟ್ಟಿದಂತೆ.

ಎಕ್ಸ್‌ಪೋರ್ಟ್ ಮಾಲಿಗೆ ದಿನಗಳನ್ನು ಹಿಂದಿನಿಂದ ಎಣಿಸಬೇಕು. ಹಡಗು ಹೊರಡುವ ತಾರೀಖು ನೋಡಬೇಡಿ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಗೇಟ್ ಮುಚ್ಚುವ ಹೊತ್ತು ನೋಡಿ. ಅದು ತಪ್ಪಿದರೆ ಕಂಟೇನರ್ ಮುಂದಿನ ಹಡಗಿಗೆ. ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಪತ್ರ) ಬೇಕು, ತುಂಬಿದ ಕಂಟೇನರಿನ ತೂಕದ ಪತ್ರ ಬೇಕು (2016ರ ಜುಲೈಯಿಂದ ಅದು ಕಡ್ಡಾಯ), ಮುಂಬೈ ದಾರಿಯ ಖಂಡಾಳಾ ಘಾಟಿನ ಜಾಮ್‌ಗೆಂದು ಅರ್ಧ ದಿನ ಕೈಯಲ್ಲಿರಬೇಕು. ಇನ್ನೊಂದು, ಇಲ್ಲಿಯ ಕಾರ್ಖಾನೆಗಳಿಗೆ ವಾರದ ರಜೆ ಸಾಮಾನ್ಯವಾಗಿ ಗುರುವಾರ. ಹೊಸಬರು ಎಡವುವುದು ಇಲ್ಲೇ.

2019ರ ಆಗಸ್ಟ್ ಮರೆಯಲಾರೆ. ಬೆಳಗಾವಿಯ ಉದ್ಯಮಬಾಗದಿಂದ ನಮ್ಮ ಕಾಸ್ಟಿಂಗ್ (ಎರಕದ ಬಿಡಿಭಾಗ) ಲಾರಿ ಹೊರಟಿತ್ತು. ಕೊಲ್ಹಾಪುರದ ಬಳಿ ಪಂಚಗಂಗೆ ಉಕ್ಕಿ ಶಿರೋಲಿಯಲ್ಲಿ ಹೆದ್ದಾರಿಯೇ ಬಂದಾಯಿತು. ಡ್ರೈವರ್ ನಮ್ಮ ಕಡೆಯವನೇ. ರಾತ್ರಿ ಫೋನ್ ಮಾಡಿ, "ಸಾಹೇಬ್ರ, ನೀರ್ ರೋಡಿಗಿ ಬಂದೈತ್ರಿ, ಗಾಡಿ ಹಿಂದ ನಿಲ್ಲಿಸೇನ್ರಿ" ಅಂದ. ಟ್ರಾನ್ಸ್‌ಪೋರ್ಟ್ ಆಫೀಸಿಗೂ ಹೇಳುವ ಮೊದಲು ನನಗೆ ಹೇಳಿದ್ದ. ಆ ರಾತ್ರಿಯೇ ಎರಡನೇ ಲಾರಿಯನ್ನು ಬೆಳಗಾವಿಯಲ್ಲೇ ತಡೆಸಿದೆ, ಗಿರಾಕಿಗೆ ಮೇಲ್ ಹಾಕಿದೆ, ಇದ್ದ ಮಾಲಿನಲ್ಲಿ ಅರ್ಧ ಆರ್ಡರ್ ಕಳಿಸುವ ಲೆಕ್ಕ ಹಾಕಿದೆ. ಗಿರಾಕಿ ಬೈಯಲಿಲ್ಲ. ಅದಕ್ಕಿಂತ ಎರಡು ವರ್ಷ ಮೊದಲು ಇಂಥದೇ ತಡವನ್ನು ಎರಡು ದಿನ ಮುಚ್ಚಿಟ್ಟಿದ್ದೆ, "ನಾಳೆ ಬರುತ್ತೆ" ಅನ್ನುತ್ತಾ. ಆಗ ಗಿರಾಕಿಯ ಪ್ರೊಡಕ್ಷನ್ ಲೈನ್ ನಿಂತಿತು. ಅವರಿಂದ ಬಂದ ಆ ಫೋನ್ ಇನ್ನೂ ನೆನಪಿದೆ.

ಅದಕ್ಕೇ ಹೇಳುವುದು, ಎಕ್ಸೆಲ್ ಆಮೇಲೆ ಕಲಿಯಬಹುದು. ಡ್ರೈವರುಗಳನ್ನು ಗೇಟಿನಲ್ಲಿ ಸುಮ್ಮನೆ ಕಾಯಿಸಬೇಡಿ, ಬೇಗ ಅನ್‌ಲೋಡ್ ಮಾಡಿಸಿ. ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಅವಧಿ ನೀವೇ ನೋಡಿಕೊಳ್ಳಿ. ಈಗ 200 ಕಿ.ಮೀ.ಗೆ ಒಂದು ದಿನ, ದಾರಿಯಲ್ಲಿ ಲಾರಿ ಸಿಕ್ಕಿಬಿದ್ದರೆ ಟ್ರಾನ್ಸ್‌ಪೋರ್ಟಿನವರಿಂದ ಹೊತ್ತಿಗೆ ಸರಿಯಾಗಿ ಅದನ್ನು ವಿಸ್ತರಿಸಿಕೊಳ್ಳಿ.

ನೀರು ಇಳಿದು ಆ ಲಾರಿ ನಮ್ಮ ಗೇಟಿಗೆ ಬಂದ ದಿನ, ಮೊದಲು ಆ ಡ್ರೈವರನ್ನು ಕ್ಯಾಂಟೀನಿಗೆ ಕರೆದೊಯ್ದು ಉಣ್ಣಿಸಿದೆ. ಮಾಲಿನ ಚಲನ್ ನೋಡಿದ್ದು ಆಮೇಲೆ.