ಬಟ್ಟೆ ತಿರುಗಿಸಿ ನೋಡಿ

ಮನೆಯ ಹೊಲಿಗೆ ಮಷೀನಿನಲ್ಲೇ ಹೂವು-ಬಳ್ಳಿ ಹಾಕುವ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಮನೆಯ ಪಡಸಾಲೆಯಲ್ಲೇ 27 ವರ್ಷ ಹೊಲಿಗೆ ಕ್ಲಾಸ್ ನಡೆಸಿದವಳು ನಾನು. ಕೆಲವು ಪತ್ರಗಳನ್ನು ಓದುವಾಗ ಹಳೆಯ ವಿದ್ಯಾರ್ಥಿನಿಯರೇ ಎದುರಿಗೆ ಕೂತು ಕೇಳಿದಂತಾಯಿತು. ಈ ಸಲ ಪುಟವೆಲ್ಲ ಅದಕ್ಕೇ ಇರಲಿ.

ಅಕ್ಕಾರೆ, ತವರಿನಿಂದ ಬಂದ ಕರಿ ಬಣ್ಣದ ಕಾಲು ಮಷೀನ್ ನನ್ನ ಹತ್ತಿರ ಇದೆ. ನೇರ ಹೊಲಿಗೆ ಬಿಟ್ಟು ಬೇರೇನೂ ಬರೋದಿಲ್ಲ. ಇದರಲ್ಲಿ ಕಸೂತಿ ಹಾಕಬಹುದಾ, ಹೊಸದು ಕೊಳ್ಳಬೇಕಾ? "ಹವ್ಯಾಸಕ್ಕ ಅಷ್ಟು ರೊಕ್ಕ ಯಾಕ?" ಅಂತ ಮನೆಯಲ್ಲಿ ಕೇಳ್ತಾರೆ.
— ಓದುಗರೊಬ್ಬರು, ಬೆಟಗೇರಿ

ಹೊಸದು ಬೇಡ ತಂಗಿ. ನಿನ್ನ ತವರಿನ ಮಷೀನೇ ಸಾಕು. ಕೊಳ್ಳಬೇಕಾದದ್ದು ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಒಂದು ರಿಂಗ್, 11 ನಂಬರಿನ ನಾಲ್ಕು ಸೂಜಿ, ಮಷೀನ್ ಕಸೂತಿಗೆ ಬರುವ ಹೊಳಪಿನ ದಾರದ ಮೂರು ಉಂಡೆ, ಇಷ್ಟೇ. ರಿಂಗು ತೆಳ್ಳಗಿರಲಿ. ದಪ್ಪ ಇದ್ದರೆ ಸೂಜಿಯ ಕೆಳಗೆ ತೂರುವುದಿಲ್ಲ. ಒಳ ರಿಂಗಿಗೆ ಹಳೆಯ ಧೋತರದ ಪಟ್ಟಿ ಸುತ್ತಿಕೊಂಡರೆ ಬಟ್ಟೆ ಜಾರುವುದಿಲ್ಲ.

ಈಗ ಮಷೀನ್ ಸಜ್ಜು ಮಾಡೋಣ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲು ಇರುತ್ತವಲ್ಲ, ಅವು ನಮಗೆ ಬೇಡ. ಕೆಲವು ಮಷೀನುಗಳಲ್ಲಿ ಅವನ್ನು ಕೆಳಗಿಳಿಸುವ ತಿರುಪು ಇರುತ್ತದೆ. ಇಲ್ಲದಿದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದು ನಿಲ್ಲಿಸು. ಆಗ ಹಲ್ಲು ಏರಿ ಇಳಿದರೂ ಬಟ್ಟೆಯನ್ನು ಎಳೆಯುವುದಿಲ್ಲ. ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಫೂಟ್ ಬಿಚ್ಚಿ ತೆಗೆದಿಡು. ಇನ್ನು ರಿಂಗ್ ಹಾಕುವುದು, ಕೈಕಸೂತಿಗೆ ಹಾಕುವುದಕ್ಕೆ ಉಲ್ಟಾ: ಬಟ್ಟೆಯ ತಳ ಮಷೀನಿನ ಹಾಸಿಗೆ ಅಂಟಿಕೊಂಡಿರಬೇಕು. ಬೆರಳಿನಿಂದ ಬಡಿದರೆ ದಿಮ್ಮಿನ ಹಾಗೆ ಸದ್ದು ಬರುವಷ್ಟು ಬಿಗಿ ಇರಲಿ. ಕೆಳಗಿನ ದಾರವನ್ನು ಮೇಲಕ್ಕೆ ಎಳೆದುಕೊಂಡು ಎರಡೂ ತುದಿ ಹಿಡಿದುಕೋ. ನಿಂತಲ್ಲೇ ಎರಡು ಮೂರು ಹೊಲಿಗೆ ಹಾಕಿ ಆಮೇಲೆ ಮುಂದೆ ಹೋಗು. ಬೆರಳು ರಿಂಗಿನ ಅಂಚಿನ ಮೇಲೇ ಇರಬೇಕು, ಸೂಜಿಯ ಹತ್ತಿರ ಬರಲೇಬಾರದು. ಫೂಟ್ ಇಲ್ಲದ ಸೂಜಿಗೆ ತಡೆ ಇರುವುದಿಲ್ಲ. ಒಮ್ಮೆ ಮಾತಾಡುತ್ತಾ ಕೈ ಬಿಟ್ಟಾಗ ನನ್ನ ಎಡಗೈ ತೋರುಬೆರಳಿನ ಉಗುರಿನಲ್ಲೇ ಸೂಜಿ ಇಳಿದಿತ್ತು. ಆ ಗೆರೆ ಈಗಲೂ ಇದೆ.

ಬರೆಯುವಾಗ ಕಾಗದ ನಿಂತಿರುತ್ತದೆ, ಲೇಖನಿ ಓಡಾಡುತ್ತದೆ. ಇಲ್ಲಿ ಲೇಖನಿ ನಿಂತಲ್ಲೇ ಇರುತ್ತದೆ, ಕಾಗದ ಓಡಾಡುತ್ತದೆ. ಕೈಗೆ ಇದು ಅರ್ಥವಾಗಲು ಎರಡು ಮೂರು ದಿನ ಬೇಕು. ಕಾಲಿನ ವೇಗ ಒಂದೇ ಸಮ ಇರಲಿ. ಕೈ ನಿಧಾನವಾದರೆ ಹೊಲಿಗೆ ಸಾಸಿವೆಯಷ್ಟು ಸಣ್ಣದಾಗುತ್ತದೆ. ಕೈ ಓಡಿದರೆ ಉದ್ದವಾಗುತ್ತದೆ, ಇನ್ನೂ ಓಡಿದರೆ ಸೂಜಿ ಬಾಗಿ ಪಟ್ಟನೆ ಮುರಿಯುತ್ತದೆ.

ಮೊದಲೇ ಗುಲಾಬಿಗೆ ಕೈ ಹಾಕಬೇಡ, ಅಕ್ಷರ ಬರೆ. ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಮೊದಲ ಪಾಠ 'ಠ'. ಸುತ್ತು ಬಂತು, ನಡುವಿನ ಚುಕ್ಕಿಗಾಗಿ ನಿಂತಲ್ಲೇ ಹೊಲಿಯುವುದೂ ಬಂತು. ಆಮೇಲೆ ಅ, ಇ, ಲ, ಣ. ನಮ್ಮ ಅಕ್ಷರಗಳೆಲ್ಲ ದುಂಡಗಿರುವುದರಿಂದ ಕನ್ನಡ ಬರೆದ ಕೈಗೆ ಬಳ್ಳಿ ತಾನಾಗಿ ಬರುತ್ತದೆ. ಅಕ್ಷರ ತಿದ್ದಿದ ಬಟ್ಟೆಯನ್ನು ಎಸೆಯಬೇಡ.

ಇನ್ನು ರೊಕ್ಕದ ಮಾತು. ನಾನು ಮೊದಲು ಪೂರ್ತಿ ಮುಗಿಸಿದ್ದು ಮಗಳ ಕುಂಚಿಗೆ. ಹಸಿರು ಖಣದ ಮೇಲೆ ಬಿಳಿ ದಾರದಲ್ಲಿ ಎರಡು ಗಿಳಿ. ಒಂದು ಗಿಳಿಯ ಕೊಕ್ಕು ದೊಡ್ಡದಾಗಿ ಹದ್ದಿನ ಹಾಗೆ ಕಾಣುತ್ತಿತ್ತು. ಆ ಕುಂಚಿಗೆ ಆಮೇಲೆ ಮೊಮ್ಮಗನ ತಲೆಗೂ ಬಂತು. ಅದರಿಂದ ಒಂದು ರೂಪಾಯಿಯೂ ಗಳಿಸಲಿಲ್ಲ, ಗಳಿಸಬೇಕು ಅಂತ ಅನಿಸಲೂ ಇಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಆ ಒಂದು ತಾಸು ನಿನ್ನದೇ. ಅದರ ಲೆಕ್ಕ ಯಾರಿಗೂ ಒಪ್ಪಿಸಬೇಕಾಗಿಲ್ಲ.

ನೀವು ಹೇಳಿದಂತೆ ಎಲ್ಲ ಮಾಡಿದೆ. ಮೇಲೆ ಚೆಂದ ಕಾಣ್ತದೆ, ಕೆಳಗೆ ದಾರ ಗಂಟುಗಂಟಾಗಿ ಗುಬ್ಬಿ ಗೂಡಿನ ಹಾಗೆ ಆಗ್ತದೆ. ಬಾಬಿನ್ ಕೆಟ್ಟಿದೆಯಾ?
— ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಗೂಡು ಕೆಳಗಿದ್ದರೂ ತಪ್ಪು ಮೇಲಿನದು. ಬಹಳ ಜನ ಕೆಳಗಿನ ದಾರದ ಬಾಬಿನ್ ಕೂರುವ ಕೇಸಿನ ಸಣ್ಣ ತಿರುಪನ್ನು ತಿರುಗಿಸಿ ತಿರುಗಿಸಿ ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಫೂಟ್ ಬಿಚ್ಚಿದ್ದೇವೆ ಅಂತ ಅದನ್ನು ಏರಿಸಿ ಇಳಿಸುವ ಹಿಂದಿನ ಹಿಡಿಕೆಯನ್ನು ಮರೆತುಬಿಡುತ್ತೇವೆ. ಫೂಟ್ ಇರಲಿ ಬಿಡಲಿ, ಹಿಡಿಕೆ ಕೆಳಗಿಳಿದಿರಬೇಕು. ಅದು ಇಳಿದಾಗಲೇ ಟೆನ್ಷನ್ ಬಿಲ್ಲೆಗಳು ಮೇಲಿನ ದಾರವನ್ನು ಕಚ್ಚಿ ಹಿಡಿಯುವುದು. ಹಿಡಿಕೆ ಮೇಲೆದ್ದಿದ್ದರೆ ದಾರ ಸಡಿಲವಾಗಿ ಸುರಿದು ಕೆಳಗೆ ಗೂಡು ಕಟ್ಟುತ್ತದೆ. ಹಿಡಿಕೆ ಇಳಿಸಿಯೂ ಹಾಗೇ ಆದರೆ ಮೇಲಿನ ದಾರವನ್ನು ಪೂರ್ತಿ ಬಿಚ್ಚಿ, ಹಿಡಿಕೆ ಎತ್ತಿಟ್ಟು, ಮತ್ತೆ ಮೊದಲಿನಿಂದ ಪೋಣಿಸಿ.

ಎರಡೂ ದಾರಗಳ ಬಿಗಿ ಸರಿಯಾಗಿದೆಯೇ ಅಂತ ತಿಳಿಯಲು ಒತ್ತೊತ್ತಾಗಿ ಒಂದು ಎಲೆ ತುಂಬಿ ಬಟ್ಟೆ ತಿರುಗಿಸಿ. ಹಿಂಬದಿಯಲ್ಲಿ ಬಾಬಿನ್ ದಾರ ನಡುವೆ ಮೂರರಲ್ಲಿ ಒಂದು ಪಾಲು, ಅದರ ಎರಡೂ ಬದಿಗೆ ಮೇಲಿನ ಬಣ್ಣ ಕಂಡರೆ ಸರಿ ಇದೆ. ಹಿಂದೆ ಬರೀ ಮೇಲಿನ ಬಣ್ಣವೇ ಕಂಡರೆ ಮೇಲಿನ ಬಿಗಿ ಸಾಲದು. ಬಾಬಿನ್ ದಾರ ಮುಂದಕ್ಕೆ ಇಣುಕಿದರೆ ಮೇಲಿನದು ಅತಿ ಬಿಗಿ. ಮೇಲಿನ ಟೆನ್ಷನ್ ತಿರುಪನ್ನು ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಕ್ಲಾಸಿನಲ್ಲಿ ಯಾರ ಬಟ್ಟೆ ಕೈಗೆ ಬಂದರೂ ನಾನು ಮೊದಲು ನೋಡುತ್ತಿದ್ದದ್ದು ಹಿಂಬದಿಯನ್ನೇ. ಹುಡುಗಿಯರಿಗೆ ಅದೇ ಭಯ ಇತ್ತು.

ನಮ್ಮ ಅಜ್ಜಿ ಕೈಯಿಂದ ಕಸೂತಿ ಹಾಕ್ತಿದ್ದರು. ಗೋಪುರ, ಆನೆ, ಪಲ್ಲಕ್ಕಿ ಮಷೀನಲ್ಲಿ ಹಾಕಿದರೆ ಅದು ಕಸೂತಿ ಆಗ್ತದಾ? ನನ್ನ ಗೆಳತಿ "ಅದು ಮೋಸ" ಅಂತಾಳೆ.
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಮೋಸ ಅಂದರೆ ಜಾಸ್ತಿಯಾಯಿತು. ಆದರೆ ಗೆಳತಿಯ ಮಾತಿನಲ್ಲಿ ಹುರುಳಿದೆ.

ಕನ್ನಡದಲ್ಲಿ ಬಟ್ಟೆಯ ಮೇಲಿನ ಯಾವ ಚಿತ್ತಾರಕ್ಕೂ ಕಸೂತಿ ಅಂತೇವೆ. ಅದೇ ಹೆಸರಿನ ನಮ್ಮ ನಾಡಿನ ಕೈಕೆಲಸ ಬೇರೆಯೇ ಒಂದು ವಿದ್ಯೆ. ಅದಕ್ಕೆ ಈ ನಾಡಿನದೇ ಅಂತ ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ನೇಯ್ಗೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ಅದರ ಹೊಲಿಗೆಗಳು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ಅದೇ ದಾರ ತುಂಬುತ್ತದೆ. ಮುರ್ಗಿ ಮೆಟ್ಟಿಲಿನ ಹಾಗೆ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆ ಅಡ್ಡ-ಓರೆ ಹಾಯ್ದು ಮೆಂತೆಕಾಳಿನಂತೆ ತುಂಬಿಕೊಳ್ಳುತ್ತದೆ. ಗವಂತಿ, ಮುರ್ಗಿ ಎರಡರಲ್ಲೂ ಮುಂದೆ ಹಿಂದೆ ಒಂದೇ. ನಮ್ಮ ಅತ್ತೆಯವರ ಮದುವೆಯ ಚಂದ್ರಕಾಳಿ ಸೀರೆ ನನ್ನ ಟ್ರಂಕಿನಲ್ಲಿದೆ. ಅದರ ಸೆರಗಿನ ತೇರನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಇವತ್ತಿಗೂ ಸಿಕ್ಕಿಲ್ಲ.

ಮಷೀನಿಗೆ ಇದು ಆಗದ ಕೆಲಸ. ಅದರ ಹೊಲಿಗೆಗೆ ಎರಡು ದಾರ ಬೇಕೇ ಬೇಕು, ಮೇಲಿನದೊಂದು, ಕೆಳಗಿನದೊಂದು, ಒಂದಕ್ಕೊಂದು ಕೊಂಡಿ ಹಾಕಿಕೊಂಡು. ಬಾಬಿನ್ನಿಗೂ ಅದೇ ಬಣ್ಣ ಸುತ್ತಿ ಬಿಗಿ ಸರಿಮಾಡಿದರೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಕಾಣಬಹುದು. ಆದರೂ ಅದು ಗವಂತಿಯಲ್ಲ. ಹಾಗಾಗಿ ಆನೆ-ಪಲ್ಲಕ್ಕಿಯನ್ನು ನಿನ್ನ ಸಂತೋಷಕ್ಕೆ ಮಷೀನಿನಲ್ಲಿ ಹಾಕಿಕೋ, ಉಡುಗೊರೆಯಾಗಿಯೂ ಕೊಡು. ಯಾರಾದರೂ ಕೇಳಿದರೆ ಮಷೀನಿನದು ಅಂತಲೇ ಹೇಳು. ಕೈಕಸೂತಿ ಅಂತ ಹೇಳಿ ಮಾರುವುದು ಮಾತ್ರ ತಪ್ಪು. ಎಳೆ ಎಣಿಸಿ ಎಣಿಸಿ ಕಣ್ಣು ನೋಯಿಸಿಕೊಳ್ಳುವ ಹೆಣ್ಣುಮಕ್ಕಳ ಕೂಲಿಗೆ ಅದು ನೇರ ಪೆಟ್ಟು.

ಇನ್ನೊಂದು ಮಾತು, ಇದನ್ನು ನೀನು ತುಸು ಯೋಚಿಸಬೇಕು. ಎಣಿಕೆಯ ಕಸೂತಿಗೆ ಉದ್ದ, ಅಡ್ಡ, ಓರೆ ಗೆರೆಗಳಷ್ಟೇ ದಕ್ಕುತ್ತವೆ. ಬಳುಕು ಮಷೀನಿನದು. ಹಾಗಿದ್ದ ಮೇಲೆ ಅಜ್ಜಿಯ ಗೋಪುರವನ್ನೇ ಮಷೀನಿನಿಂದ ಯಾಕೆ ನಕಲು ಮಾಡಿಸಬೇಕು? ಗದಗಿನ ಹತ್ತಿರ ಲಕ್ಕುಂಡಿಗೆ ಹೋಗು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಅರ್ಧ ತಾಸು ಕೂತು ಅಲ್ಲಿನ ಕೆತ್ತನೆಯ ಒಂದೇ ಒಂದು ಸುರುಳಿಯನ್ನು ಪೆನ್ಸಿಲಿನಲ್ಲಿ ಇಳಿಸಿಕೊಂಡು ಬಾ. ಅದನ್ನು ರಿಂಗಿನಲ್ಲಿ ತಿರುಗಿಸಿ ನೋಡು. ಮಷೀನ್ ಇದಕ್ಕೇ ಕಾದಿತ್ತೇನೋ ಅನಿಸುತ್ತದೆ. ಅಜ್ಜಿಯ ಗವಂತಿಯನ್ನು ಕೈಯಿಂದಲೇ ಕಲಿ. ಎರಡಕ್ಕೂ ನಿನ್ನ ಹತ್ತಿರ ವಯಸ್ಸಿದೆ.

ಖಣದ ಕುಪ್ಪಸದ ಬೆನ್ನಿಗೆ ನವಿಲು ಹಾಕಿದೆ. ರಿಂಗ್ ತೆಗೆದ ಮೇಲೆ ಸುತ್ತಲೂ ಬಟ್ಟೆ ಸುಕ್ಕುಗಟ್ಟಿತು. ಇಸ್ತ್ರಿಗೂ ಬಗ್ಗಲಿಲ್ಲ.
— ಓದುಗರೊಬ್ಬರು, ಲಕ್ಷ್ಮೇಶ್ವರ

ಬಟ್ಟೆಯ ಕೆಳಗೆ ಆಸರೆ ಇರಲಿಲ್ಲ. ಕಸೂತಿಯ ಪೇಪರ್ ಕೊಡಿ ಅಂತ ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ. ಹರಿದು ತೆಗೆಯುವುದು, ಕತ್ತರಿಸಿ ತೆಗೆಯುವುದು, ನೀರಿನಲ್ಲಿ ಕರಗುವುದು ಅಂತ ಮೂರು ಬಗೆ. ಖಣಕ್ಕೆ ಹರಿಯುವುದು ಸಾಕು. ಹಿಗ್ಗುವ ಟೀ ಶರ್ಟಿನ ಬಟ್ಟೆಗೆ ಕತ್ತರಿಸುವುದೇ ಬೇಕು, ಅದು ಒಳಗೇ ಉಳಿದು ಹೊಲಿಗೆಯನ್ನು ಹಿಡಿದಿರುತ್ತದೆ. ಪೇಪರನ್ನೂ ಬಟ್ಟೆಯ ಜೊತೆಗೇ ರಿಂಗಿನಲ್ಲಿ ಸಿಕ್ಕಿಸಿ. ಕತ್ತರಿಸಿದ ಕುಪ್ಪಸದ ತುಂಡಿಗೆ ಹಾಕಬೇಡಿ, ಮೊದಲು ಕಸೂತಿ, ಆಮೇಲೆ ಕತ್ತರಿ. ಈ ಕ್ರಮ ತಿಳಿಯುವಷ್ಟರಲ್ಲಿ ನಾನೂ ಒಂದು ಗುಳೇದಗುಡ್ಡ ಖಣ ಹಾಳು ಮಾಡಿದ್ದೆ. ಸುಕ್ಕಾದ ನವಿಲನ್ನು ಬಿಚ್ಚಲು ಹೋಗಬೇಡಿ, ಖಣ ತೂತಾಗುತ್ತದೆ. ಸುತ್ತಲಿನ ಬಟ್ಟೆ ಕತ್ತರಿಸಿ ನವಿಲನ್ನು ಒಂದು ಚೀಲದ ಮೇಲೆ ತೇಪೆಯಾಗಿ ಹೊಲಿಯಿರಿ.

ಕಂಪ್ಯೂಟರ್ ಕಸೂತಿ ಮಷೀನ್ ತಗೋಬೇಕಂತ ಎರಡು ವರ್ಷದಿಂದ ರೊಕ್ಕ ಕೂಡಿಸಿದ್ದೇನೆ. ಏನು ನೋಡಿ ತಗೋಬೇಕು?
— ಓದುಗರೊಬ್ಬರು, ರಾಣೆಬೆನ್ನೂರು

ಒಳಗೆ ಎಷ್ಟು ನೂರು ಡಿಸೈನ್ ಇವೆ ಅಂತ ಅಂಗಡಿಯವರು ಹೇಳುತ್ತಾರೆ, ಅದನ್ನು ಬದಿಗಿಡಿ. ಮೊದಲು ಬಟ್ಟೆ ಹಿಡಿಯುವ ಚೌಕಟ್ಟಿನ ಅಳತೆ ಕೇಳಿ. ಸಣ್ಣ ಮಷೀನುಗಳಿಗೆ 100x100 ಮಿಲಿಮೀಟರ್ ಚೌಕಟ್ಟು, ಅಂದರೆ 4 ಇಂಚು. ಕರವಸ್ತ್ರಕ್ಕೆ, ಮಗುವಿನ ಅಂಗಿಗೆ ಸಾಕು. ಕುಪ್ಪಸದ ಬೆನ್ನಿಗೆ, ದಿಂಬಿನ ಗಲೀಬಿಗೆ 130x180 ಇದ್ದರೆ ಒಳ್ಳೆಯದು. ಚೌಕಟ್ಟನ್ನು ಆಮೇಲೆ ದೊಡ್ಡದು ಮಾಡಿಕೊಳ್ಳೋಣ ಅಂದರೆ ಆಗುವುದಿಲ್ಲ, ಮಷೀನಿನ ತೋಳು ಅಷ್ಟು ದೂರ ಚಲಿಸಬೇಕಲ್ಲ.

ಒಂದೇ ಸೂಜಿಯದಾದರೆ ಪ್ರತಿ ಬಣ್ಣಕ್ಕೂ ಮಷೀನ್ ನಿಲ್ಲುತ್ತದೆ, ದಾರ ನೀವೇ ಬದಲಿಸಬೇಕು. ನಿಮಿಷಕ್ಕೆ 400 ಹೊಲಿಗೆ ಹಾಕುವ ಮಷೀನಿಗೆ 8,000 ಹೊಲಿಗೆಯ ಹೂವು 20 ನಿಮಿಷದ ಕೆಲಸ. ಆರು ಬಣ್ಣ ಇದ್ದರೆ ಮುಕ್ಕಾಲು ತಾಸು ಹಿಡಿದುಕೊಳ್ಳಿ. ಹಚ್ಚಿಟ್ಟು ಅಡುಗೆಗೆ ಹೋಗಬಹುದು ಅಂದುಕೊಳ್ಳಬೇಡಿ. ಮೇಲಿನ ದಾರ ತುಂಡಾಗುತ್ತದೆ, ಬಾಬಿನ್ ಖಾಲಿಯಾಗುತ್ತದೆ, ಹತ್ತಿರ ಇರಲೇಬೇಕು. ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಸುತ್ತದೆಯೇ ಅಂತ ಅಂಗಡಿಯಲ್ಲೇ ಪ್ಲಗ್ ತೆಗೆಸಿ ನೋಡಿ. ನಮ್ಮ ಕಡೆ ಅದು ಸಣ್ಣ ಮಾತಲ್ಲ. ರಿಪೇರಿಗೆ ಜನ ಎಲ್ಲಿಂದ ಬರುತ್ತಾರೆ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ.

ಸ್ವಂತ ಡಿಸೈನ್ ಮಾಡುವ ಆಸೆ ಇದ್ದರೆ ಮನೆಯ ಕಂಪ್ಯೂಟರಿಗೆ ಇಂಕ್‌ಸ್ಟಿಚ್ ಹಾಕಿಕೊಳ್ಳಿ. ಅದು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದ ಜೊತೆ ಸೇರಿ ಕೆಲಸ ಮಾಡುತ್ತದೆ, ಎರಡೂ ಪುಕ್ಕಟೆ. ಬ್ರದರ್ ಮಷೀನಿಗೆ ಪಿಇಎಸ್, ಜಾನೋಮಿಗೆ ಜೆಇಎಫ್ ಅಂತ ಫೈಲಿನ ಬಗೆ ಬೇರೆ ಬೇರೆ ಇರುತ್ತದೆ. ಉಳಿಸುವಾಗ ನಿಮ್ಮದನ್ನು ಆರಿಸಿಕೊಳ್ಳಿ. ಎರಡು ವರ್ಷ ಕೂಡಿಸಿದ ರೊಕ್ಕಕ್ಕೆ ನೀವು ಬಿಡಿಸಿದ ಹೂವೇ ಮೊದಲು ಮೂಡಲಿ ಅಂತ ನನ್ನ ಆಸೆ.

ಮಷೀನಿಗೆ ಕೊಬ್ಬರಿ ಎಣ್ಣೆ ಬಿಡಬಹುದಾ?
— ಓದುಗರೊಬ್ಬರು, ಶಿಗ್ಗಾಂವಿ

ಬೇಡವೇ ಬೇಡ. ಚಳಿಗಾಲದ ಮುಂಜಾನೆ ಡಬ್ಬಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಮಷೀನಿನೊಳಗೂ ಅಂಟಾಗುತ್ತದೆ. ಮಷೀನ್ ಎಣ್ಣೆಯನ್ನೇ ಬಿಡಿ, ಜಾಗಕ್ಕೊಂದು ಹನಿ. ಅದಕ್ಕೂ ಮೊದಲು ಬಾಬಿನ್ ಕೇಸ್ ತೆಗೆದು ಒಳಗಿನ ಜುಂಗನ್ನು ಬ್ರಷ್‌ನಿಂದ ತೆಗೆಯಿರಿ. ಎಣ್ಣೆ ಬಿಟ್ಟ ದಿನ ಚಿಂದಿ ಬಟ್ಟೆಯ ಮೇಲೆ ಹೊಲಿದು ಕಲೆ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕಸೂತಿಗೆ ಕೂಡಿರಿ.

ಸರ್ಕಾರಿ ಬಸ್ ಓಡಿಸಿ ನಿವೃತ್ತನಾಗಿದ್ದೇನೆ, ವಯಸ್ಸು 62. ನಮ್ಮ ಮನೆಯಾಕೆಗೆ ಮೊಣಕಾಲು ನೋವು, ಕಾಲು ಮಷೀನ್ ತುಳಿಯಲು ಆಗುತ್ತಿಲ್ಲ. ಅರ್ಧ ಹಾಕಿದ ದಿಂಬಿನ ಗಲೀಬು ಹಾಗೇ ಇದೆ. ಅದನ್ನು ನಾನು ಕಲಿತು ಮುಗಿಸಬಹುದೇ? ಜನ ನಗುತ್ತಾರೇನೋ.
— ಓದುಗರೊಬ್ಬರು, ಹಾವೇರಿ

ಅಣ್ಣಾರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗುವವರು ಪೇಟೆಯ ಟೇಲರ್ ಅಂಗಡಿಗಳನ್ನು ನೋಡಿಲ್ಲ. ನನಗೆ ಮಷೀನಿನಲ್ಲಿ ಎಲೆ ತುಂಬುವುದನ್ನು ಕಲಿಸಿದವರು ಗಂಡಸರೇ, ಹುಬ್ಬಳ್ಳಿಯ ಒಬ್ಬ ಹಿರಿಯ ಟೇಲರ್. ಬೇರೆಯವರಿಗೆ ತಿಂಗಳು ಹಿಡಿಯುವ ಪಾಠ ನಿಮಗೆ ಆಗಲೇ ಬಂದಿದೆ: ಕಾಲು ಒಂದು ವೇಗ ಹಿಡಿದಿರಬೇಕು, ಕೈ ತಿರುವು ನೋಡಿಕೊಳ್ಳಬೇಕು, ಕಣ್ಣು ಸೂಜಿಯ ಮೇಲಲ್ಲ, ಮುಂದೆ ಹೋಗಬೇಕಾದ ಗೆರೆಯ ಮೇಲೆ ಇರಬೇಕು. ಇಷ್ಟು ವರ್ಷ ನೀವು ಮಾಡಿದ್ದು ಅದನ್ನೇ ಅಲ್ಲವೇ.

ಗಲೀಬಿಗೆ ಕೈ ಹಾಕುವ ಮೊದಲು ಹಳೆ ಪಂಚೆಯ ತುಂಡಿನ ಮೇಲೆ ಒಂದು ವಾರ 'ಠ' ಬರೆಯಿರಿ. ಆ ಹೊತ್ತಿನಲ್ಲಿ ನಿಮ್ಮ ಮನೆಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರಲಿ. ಯಾವ ಹೂವಿಗೆ ಯಾವ ಬಣ್ಣ ಅಂತ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಕೇಳಿ ಹಾಕಿ. ಹಳೆಯ ಮಷೀನಿಗೆ ಸಣ್ಣ ಮೋಟರ್ ಕೂಡಿಸಬಹುದು. ಪಾದದ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಕು, ಮೊಣಕಾಲು ಅಲುಗುವುದಿಲ್ಲ. ವೈದ್ಯರು ಬೇಡ ಅನ್ನದಿದ್ದರೆ ಅವರೂ ಮತ್ತೆ ಕೂಡಬಹುದು. ಆಗ ಮಷೀನ್ ಯಾರಿಗೆ ಯಾವ ಹೊತ್ತಿಗೆ ಅನ್ನುವುದನ್ನು ನೀವಿಬ್ಬರೂ ಮಾತಾಡಿಕೊಳ್ಳಿ.

ಮೊದಲ ಹೂವು ಮುಗಿದಾಗ ಫೋಟೋ ಕಳಿಸುತ್ತೀರಿ, ಗೊತ್ತು. ಎರಡು ಕಳಿಸಿ. ಒಂದು ಗಲೀಬಿನ ಹಿಂಬದಿಯದು.