ಕದನ ವಿರಾಮ ಆದರೆ ಎಲ್ಲ ಮೊದಲಿನಂತಾಗುತ್ತದೆಯೇ?

ಪ್ರಿಯ ಓದುಗರೇ,

ಉಕ್ರೇನ್ ಯುದ್ಧದ ಬಗ್ಗೆ ನಾವು ಬರೆದದ್ದನ್ನು ಓದಿ ಕೆಲವು ಪ್ರಶ್ನೆ ಕೇಳಿದ್ದೀರಿ. ಜಗಳ ಎರಡು ದೇಶಗಳದ್ದು, ನಡುವೆ ಫಿನ್‌ಲೆಂಡ್, ಅರ್ಮೇನಿಯಾಗಳ ಕಥೆ ಯಾಕೆ? ಕದನ ವಿರಾಮ ಆದರೆ ಎಲ್ಲ ಮೊದಲಿನಂತಾಗುತ್ತದೆ ಅಲ್ವಾ?

ಆಗುವುದಿಲ್ಲ ಅಂತ ನನ್ನ ಅನಿಸಿಕೆ. ಯಾಕೆ ಅಂತ ಹೇಳುವುದಕ್ಕೆ ಫಿನ್‌ಲೆಂಡ್ ಕಥೆಯೇ ಬೇಕು.

ಆ ದೇಶ 1939-40ರಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಹೋರಾಡಿ ನೆಲ ಕಳೆದುಕೊಂಡಿತು. 1948ರಲ್ಲಿ ಅದರ ಜೊತೆಗೇ ಒಪ್ಪಂದ ಮಾಡಿಕೊಂಡಿತು. ಆಮೇಲೆ ದಶಕಗಳ ಕಾಲ ಮಾಸ್ಕೋವನ್ನು ಸುಮ್ನೆ ಕೆಣಕಬಾರದು ಅನ್ನುವುದೇ ಅದರ ನೀತಿ. ಇದನ್ನು ಹೇಡಿತನ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. 1,340 ಕಿಲೋಮೀಟರ್ ಗಡಿ ಹಂಚಿಕೊಂಡವರ ಲೆಕ್ಕಾಚಾರ ದೂರದಲ್ಲಿ ಕೂತವರಿಗೆ ತಿಳಿಯುವುದು ಕಷ್ಟ. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದಾಗಲೂ ಫಿನ್‌ಲೆಂಡ್ ನೇಟೋದಿಂದ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟದಿಂದ, ದೂರವೇ ಉಳಿಯಿತು. ಅಲ್ಲಿನ ಹೆಚ್ಚಿನ ಜನರಿಗೂ ಅದು ಬೇಕಿರಲಿಲ್ಲ.

2022ರ ಫೆಬ್ರವರಿ 24ರಂದು ರಷ್ಯಾ ಸೇನೆ ಉಕ್ರೇನಿನೊಳಗೆ ನುಗ್ಗಿತು. ಮೂರು ತಿಂಗಳು ತುಂಬುವ ಮೊದಲೇ ಫಿನ್‌ಲೆಂಡಿನ ಸಂಸತ್ತು 188–8 ಮತಗಳಿಂದ ನೇಟೋಗೆ ಅರ್ಜಿ ಹಾಕಲು ಒಪ್ಪಿತು. 2023ರ ಏಪ್ರಿಲ್ 4ರಂದು ಸದಸ್ಯತ್ವವೂ ಸಿಕ್ಕಿತು. ರಷ್ಯಾಕ್ಕೆ ತಾಗಿದ ನೇಟೋ ಗಡಿ ಆ ಒಂದೇ ದಿನದಲ್ಲಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ನೇಟೋ ನಮ್ಮ ಬಾಗಿಲಿಗೆ ಬರುತ್ತಿದೆ ಅನ್ನುವುದು ಪುಟಿನ್ ಯುದ್ಧಕ್ಕೆ ಕೊಟ್ಟ ಕಾರಣಗಳಲ್ಲಿ ಒಂದಾಗಿತ್ತು! ಎರಡು ಶತಮಾನ ಯಾವ ಸೈನಿಕ ಕೂಟಕ್ಕೂ ಸೇರದಿದ್ದ ಸ್ವೀಡನ್ ಕೂಡ 2024ರ ಮಾರ್ಚ್‌ನಲ್ಲಿ ಒಳಗೆ ಬಂತು.

ಅರ್ಮೇನಿಯಾ ಕಥೆ ಉಲ್ಟಾ. ಅದು ರಷ್ಯಾದ ಮುಂದಾಳತ್ವದ ಭದ್ರತಾ ಕೂಟದ ಸದಸ್ಯ. 2023ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಅಜರ್‌ಬೈಜಾನ್, ಅರ್ಮೇನಿಯನ್ನರೇ ಹೆಚ್ಚಾಗಿದ್ದ ನಾಗೋರ್ನೋ-ಕರಾಬಾಖ್ ಪ್ರದೇಶದ ಮೇಲೆ ದಾಳಿ ಮಾಡಿದಾಗ ಅಲ್ಲಿದ್ದ ರಷ್ಯಾದ ಶಾಂತಿಪಾಲನಾ ಪಡೆ ತಡೆಯಲಿಲ್ಲ. ಒಂದು ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಮನೆ ಬಿಟ್ಟು ಹೋದರು. ಕರಾಬಾಖ್ ಕಾನೂನಿನ ಪ್ರಕಾರ ಅಜರ್‌ಬೈಜಾನ್‌ನದೇ ನೆಲ, ನಿಜ. ಆದರೂ ಉಕ್ರೇನಿನಲ್ಲಿ ಸಿಕ್ಕಿಬಿದ್ದ ರಷ್ಯಾಕ್ಕೆ ಇನ್ನೊಂದು ಕಡೆ ತಲೆ ಹಾಕುವ ಮನಸ್ಸಿರಲಿಲ್ಲ ಅಂತ ನನಗನ್ನಿಸುತ್ತದೆ. 2024ರಲ್ಲಿ ಅರ್ಮೇನಿಯಾ ಆ ಕೂಟದಲ್ಲಿ ಭಾಗವಹಿಸುವುದನ್ನೇ ನಿಲ್ಲಿಸಿತು. ಉಕ್ರೇನಿನಲ್ಲಿ ನಾಳೆ ಗುಂಡಿನ ಸದ್ದು ನಿಂತರೂ ಮನೆ ಬಿಟ್ಟ ಆ ಜನ ಕರಾಬಾಖ್‌ಗೆ ಮರಳುತ್ತಾರಾ?

ಕರೆಂಟಿನ ವಿಷಯವನ್ನೂ ನೋಡಿ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸೋವಿಯತ್ ಕಾಲದಿಂದ ರಷ್ಯಾದ ವಿದ್ಯುತ್ ಜಾಲದಲ್ಲೇ ಇದ್ದವು. 2025ರ ಫೆಬ್ರವರಿಯಲ್ಲಿ ಅದರಿಂದ ಕಳಚಿಕೊಂಡು ಯುರೋಪಿನ ಜಾಲಕ್ಕೆ ಸೇರಿದವು. ವರ್ಷಗಟ್ಟಲೆ ತಯಾರಿ ಮಾಡಿ, ಅಷ್ಟೊಂದು ದುಡ್ಡು ಸುರಿದು ಮಾಡಿದ ಕೆಲಸ ಅದು. ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು ಅಂತ ಯಾರೂ ಮತ್ತೆ ಹಳೇ ಲೈನು ಜೋಡಿಸುವುದಿಲ್ಲ.

ಹಾಗಂತ ಎಲ್ಲರೂ ಬದಲಾಗಿಲ್ಲ. ಆಸ್ಟ್ರಿಯಾ, ಐರ್ಲೆಂಡ್ ಈಗಲೂ ತಟಸ್ಥವಾಗಿವೆ. ಅವುಗಳಿಗೆ ರಷ್ಯಾ ಜೊತೆ ಗಡಿ ಇಲ್ಲ.

ಫಿನ್‌ಲೆಂಡ್ ಮುಂದೊಂದು ದಿನ ನೇಟೋ ಬಿಡಬಹುದಲ್ವಾ ಅಂತಲೂ ಕೇಳಿದ್ದೀರಿ. ನಿಯಮದಲ್ಲಿ ದಾರಿ ಇದೆ. ನೇಟೋ ಒಪ್ಪಂದದ 13ನೇ ವಿಧಿಯ ಪ್ರಕಾರ ಒಂದು ವರ್ಷ ಮೊದಲೇ ತಿಳಿಸಿ ಹೊರಬರಬಹುದು. 1949ರಿಂದ ಇವತ್ತಿನವರೆಗೆ ಯಾವ ದೇಶವೂ ಹಾಗೆ ಹೊರಬಂದಿಲ್ಲ.

– ಸಂಪಾದಕ