ಆಲೆಮನೆ ಶೀಟಿನ ಬಣ್ಣ ಸುಲಿಯುತ್ತಿದೆ

ಪ್ರಶ್ನೆ: ಆಲೆಮನೆಗೆ ಹೊಸ ಜಿಐ ಶೀಟ್ ಹೊದಿಸಿ ಹಸಿರು ಆಯಿಲ್ ಪೇಂಟ್ ಹೊಡೆಸಿದೆವು. ಒಂದೇ ಮಳೆಗಾಲಕ್ಕೆ ಬಣ್ಣ ಹಾಳೆ ಹಾಳೆಯಾಗಿ ಏಳುತ್ತಿದೆ. ಹೊದಿಸದೆ ಉಳಿದು ಪೇರಿಸಿಟ್ಟ ಶೀಟುಗಳ ಮೇಲೆ ಬಿಳಿ ಪುಡಿ ಕಟ್ಟಿದೆ. ಶೀಟೇ ಕಳಪೆಯಾ?
– ಒಬ್ಬ ಓದುಗರು, ಪಾಂಡವಪುರ

ಉತ್ತರ: ಶೀಟನ್ನು ಬೈಯಬೇಡಿ. ಮೈಸೂರಿನಲ್ಲಿ ನಮ್ಮ ಮನೆ ಗೇಟಿಗೂ ಹೀಗೇ ಆಗಿ ತುಂಬಾ ಬೇಜಾರಾಗಿತ್ತು. ಜಿಐ ಅಂದರೆ ಸತು (ಜಿಂಕ್) ಲೇಪಿಸಿದ ಕಬ್ಬಿಣ; ಮೇಲಿರುವುದು ಸತುವಿನ ಪದರ. ಆಯಿಲ್ ಪೇಂಟಿನ ಎಣ್ಣೆ ಅಂಶ ಸತುವಿನ ಜೊತೆ ಸೇರಿ ನಡುವೆ ಸೋಪಿನಂಥ ಪದರ ಕಟ್ಟುತ್ತದೆ. ತೇವವೂ ಸೇರಿದರೆ ಬಣ್ಣಕ್ಕೆ ಹಿಡಿತವೇ ಇರುವುದಿಲ್ಲ. ಅದರ ಮೇಲೆ ಇನ್ನೊಂದು ಕೋಟ್ ಹೊಡೆದರೆ ಸುಮ್ನೆ ದುಡ್ಡು ದಂಡ. ಪೂರ್ತಿ ಕೆರೆದು ತೆಗೆಯಿರಿ. ಸೋಪು ನೀರಲ್ಲಿ ಜಿಡ್ಡು ತೊಳೆದು, ಒಣಗಿಸಿ, ನಯವಾದ ಎಮರಿ ಪೇಪರಿನಲ್ಲಿ ಹಗುರವಾಗಿ ಉಜ್ಜಿ. ಜಾಸ್ತಿ ಉಜ್ಜಿದರೆ ಸತುವೇ ಹೋಗುತ್ತದೆ, ಅಲ್ವಾ? ಆಮೇಲೆ ಡಬ್ಬಿ ಮೇಲೆ ‘ಜಿಐಗೆ’ ಅಂತ ಬರೆದಿರುವ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ.

ಬಿಳಿ ಪುಡಿ ಅಂದರೆ ಬಿಳಿ ತುಕ್ಕು. ಪೇರಿಸಿಟ್ಟ ಶೀಟುಗಳ ನಡುವೆ ನೀರು ನಿಂತು, ಗಾಳಿ ಆಡದೆ ಬರುತ್ತದೆ. ತೆಳುವಾಗಿದ್ದರೆ ನೈಲಾನ್ ಬ್ರಷ್ ಸಾಕು. ಕೆಂಪು ತುಕ್ಕು ಕಂಡ ಕಡೆ ಸತು ಮುಗಿದಿದೆ. ಅಲ್ಲಿಗೆ ಸತುವಿನ ಪುಡಿ ಇರುವ ಪ್ರೈಮರ್ ಬೇಕು. ಉಳಿದ ಶೀಟುಗಳನ್ನು ಇವತ್ತೇ ಬಿಡಿಸಿ, ಒರೆಸಿ, ನಡುವೆ ಒಣ ರೀಪು ಕೊಟ್ಟು ಒಂದು ಬದಿ ಎತ್ತರಿಸಿಡಿ.